ಓದುಗರ ಪ್ರಶ್ನೆ: ಮೊದಲು ಮೈಯ ಲೆಕ್ಕ, ಆಮೇಲೆ ದುಡ್ಡಿನ ಲೆಕ್ಕ

ಈ ಸಲ ಮಲೆನಾಡಿನಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಬಗೆಯವು. ಮರದಿಂದ ಬಿದ್ದವರು, ಲಕ್ವ ಹೊಡೆದವರು, ಎದೆ ಆಪರೇಷನ್ ಆದವರು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಸಣ್ಣದೊಂದು ಉದ್ಯೋಗ ಶುರು ಮಾಡುವ ಬಗ್ಗೆ ಕೇಳಿದ್ದಾರೆ. ಪುನರ್ವಸತಿ ಚಿಕಿತ್ಸೆ ಬಲ್ಲವರೂ ಸಣ್ಣ ಉದ್ಯಮ ಬಲ್ಲವರೂ ಕೂಡಿ ಉತ್ತರ ಕೊಟ್ಟಿದ್ದಾರೆ. ಹೆಸರು ಹಾಕಬೇಡಿ ಎಂದವರೇ ಹೆಚ್ಚು, ಹಾಗಾಗಿ ಎಲ್ಲರದ್ದೂ ಊರಷ್ಟೇ ಇದೆ.

ಪ್ರಶ್ನೆ: ನಾನು ಮರ ಹತ್ತಿ ಅಡಿಕೆ ಕೊನೆ (ಗೊಂಚಲು) ತೆಗೆಯುತ್ತಿದ್ದವನು. ಎರಡು ವರ್ಷದ ಹಿಂದೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು. ಸೊಂಟದ ಕೆಳಗೆ ಸ್ವಾಧೀನವಿಲ್ಲ, ಮುಟ್ಟಿದ್ದೂ ಗೊತ್ತಾಗುವುದಿಲ್ಲ. ಗಾಲಿಕುರ್ಚಿಯಲ್ಲಿದ್ದೇನೆ, ಕೈ ಗಟ್ಟಿಯಿದೆ. ಅಡಿಕೆ ಸೋಗೆಯ ಬುಡದ ಹಾಳೆಯಿಂದ ತಟ್ಟೆ ಒತ್ತುವ ಯಂತ್ರ ಹಾಕುವ ಯೋಚನೆ. ಯಂತ್ರ ಮಾರುವವರು ತಟ್ಟೆಯನ್ನೂ ತಾವೇ ಕೊಳ್ಳುತ್ತೇವೆ ಎನ್ನುತ್ತಾರೆ. ಹಾಕಬಹುದೇ?
— ಹೊಸನಗರ ತಾಲ್ಲೂಕು

ಉತ್ತರ: ಹಾಕಬಹುದು, ಆದರೆ ಯಂತ್ರ ಕೊಳ್ಳುವುದು ಕಟ್ಟಕಡೆಯ ಕೆಲಸ. ಮೊದಲು ಹದಿನೈದು ದಿನ ಒಂದು ನೋಟ್‌ಬುಕ್ಕಿನಲ್ಲಿ ಮೈಯ ಲೆಕ್ಕ ಬರೆಯಿರಿ. ಬೆಳಗಿನ ಶೌಚ, ಸ್ನಾನ ಮುಗಿಸಿ ಕುರ್ಚಿಗೆ ಬಂದದ್ದು ಎಷ್ಟು ಗಂಟೆಗೆ, ಕ್ಯಾಥೆಟರ್ (ಮೂತ್ರ ತೆಗೆಯುವ ಕೊಳವೆ) ಹಾಕಿದ್ದು ಯಾವಾಗ, ಭುಜ ಸೋತದ್ದು ಎಷ್ಟು ಹೊತ್ತಿಗೆ, ಜ್ವರವೋ ಮೂತ್ರದ ಸೋಂಕೋ ಬಂದು ಏಳಲಾಗದ ದಿನ ಎಷ್ಟು. ಕ್ಯಾಥೆಟರ್ ನಾಲ್ಕರಿಂದ ಆರು ತಾಸಿಗೊಮ್ಮೆ ಬೇಕೇ ಬೇಕು. ಇದೆಲ್ಲ ಕಳೆದು ದಿನಕ್ಕೆ ನಾಲ್ಕು ತಾಸು ಉಳಿದರೆ ನಾಲ್ಕು ತಾಸಿನ ಉದ್ಯೋಗವನ್ನೇ ಹೂಡಬೇಕು. ಯಂತ್ರದವರು ತೋರಿಸುವ ಲಾಭದ ಪಟ್ಟಿ ಎಂಟು ತಾಸು ನಿಂತು ದುಡಿಯುವವರದ್ದು.

ಹಾಳೆ ಇಟ್ಟು, ಒತ್ತಿ, ಕಾಯಿಸಿ, ತಟ್ಟೆ ತೆಗೆಯಲು ಒಂದೂವರೆ ನಿಮಿಷ ಹಿಡಿಯಿರಿ. ಎರಡು ಅಚ್ಚಿನ ಯಂತ್ರದಲ್ಲಿ ತಾಸಿಗೆ 80, ನಾಲ್ಕು ತಾಸಿಗೆ 320. ಇದು ಕಾಗದದ ಮೇಲಿನ ಮಾತು. ಸೀಳಿದ ಹಾಳೆ, ಹೋದ ಕರೆಂಟು, ನಿಮ್ಮ ವಿರಾಮ ಕಳೆದು 200 ಕೈಗೆ ಬಂದರೆ ಚೆನ್ನಾಗಿ ನಡೆದಂತೆ. ತಿಂಗಳಿಗೆ 25 ದಿನದಂತೆ 5,000. ಈಗ ಮಳೆಗಾಲದ ಪ್ರಶ್ನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮ ಕಡೆ ಬಿದ್ದ ಹಾಳೆ ಕೆಲಸಕ್ಕೆ ಬಾರದು, ಎರಡೇ ದಿನದಲ್ಲಿ ಕಪ್ಪು ಚುಕ್ಕೆ ಹಿಡಿಯುತ್ತದೆ. ಒಳ್ಳೆಯ ಹಾಳೆಗೆ ಒಂದು ಊಟದ ತಟ್ಟೆ, ತುದಿಯಲ್ಲಿ ಒಂದು ಬಟ್ಟಲು ಎಂದುಕೊಂಡರೂ ನಾಲ್ಕು ತಿಂಗಳಿಗೆ 10,000 ಹಾಳೆ ಬೇಸಿಗೆಯಲ್ಲೇ ಒಣಗಿ, ಕಟ್ಟಾಗಿ ಅಟ್ಟ ಸೇರಿರಬೇಕು. ನೆಲದಿಂದ ಒಂದು ಅಡಿ ಎತ್ತರ, ಗೋಡೆಯಿಂದ ಒಂದು ಗೇಣು ದೂರ, ಕೆಳಗಿನಿಂದ ಗಾಳಿ. ಈ ಜಾಗವಿಲ್ಲದವರು ಯಂತ್ರ ಹಾಕಿ ವರ್ಷದ ಮೂರನೇ ಒಂದು ಭಾಗ ಸುಮ್ಮನೆ ಕೂರುತ್ತಾರೆ. ಹಾಳೆ ಹೆಕ್ಕುವುದು ನಿಮ್ಮಿಂದಾಗದ ಕೆಲಸ, ಅದರ ಕೂಲಿ ಮತ್ತು ಸಾಗಣೆಯನ್ನು ಮೊದಲೇ ಲೆಕ್ಕಕ್ಕೆ ಸೇರಿಸಿ. ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದ ಮೇಲೆ ಬಿದ್ದ ಹಾಳೆ, ಎಲೆಚುಕ್ಕೆ ರೋಗಕ್ಕೆ ಔಷಧಿ ಹೊಡೆದ ತೋಟದ ಹಾಳೆ ಬೇಡ. ಊಟ ಮಾಡುವ ತಟ್ಟೆ ಅದು. ಯಾವ ತೋಟಕ್ಕೆ ಯಾವಾಗ ಏನು ಹೊಡೆಯುತ್ತಾರೆಂದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಯಂತ್ರದ ವಿಷಯ. ಕಾಲಿನಿಂದ ತುಳಿಯುವ ಪೆಡಲ್ ಯಂತ್ರ ನಿಮಗಲ್ಲ. ಉದ್ದ ಸನ್ನೆಕೋಲು ಎಳೆಯುವ ಕೈಯಂತ್ರವೂ ಬೇಡ, ದಿನಕ್ಕೆ ನೂರಾರು ಸಲ ಎಳೆದರೆ ಭುಜ ಹೋಗುತ್ತದೆ. ಗಾಲಿಕುರ್ಚಿ ತಳ್ಳುವುದು, ಮಂಚದಿಂದ ಕುರ್ಚಿಗೆ ದಾಟುವುದು ಎಲ್ಲ ಆ ಭುಜದಿಂದಲೇ ಆಗಬೇಕು. ಹೈಡ್ರಾಲಿಕ್ ಯಂತ್ರವೇ ಸರಿ, ಅದೂ ಎರಡು ಕೈಯಿಂದ ಎರಡು ಗುಂಡಿ ಒಟ್ಟಿಗೆ ಒತ್ತಿದರೆ ಮಾತ್ರ ಇಳಿಯುವಂಥದ್ದು. ಆಗ ಅಚ್ಚಿನೊಳಗೆ ಕೈ ಸಿಕ್ಕುವ ಪ್ರಶ್ನೆಯೇ ಇಲ್ಲ. ಯಂತ್ರದ ಕೆಲಸದ ಮಟ್ಟ ನೆಲದಿಂದ ಸುಮಾರು 75 ಸೆಂಟಿಮೀಟರ್ ಇರಲಿ, ಅದರ ಕೆಳಗೆ ಮೊಣಕಾಲು ತೂರುವಷ್ಟು ಖಾಲಿ ಜಾಗ ಬೇಕು. ಮಾರಾಟಕ್ಕಿರುವ ಯಂತ್ರಗಳು ಹೆಚ್ಚಾಗಿ ನಿಂತವರ ಅಳತೆಯವು. ಮುಂಗಡ ಕೊಡುವ ಮುನ್ನ ಕುರ್ಚಿಯ ಸಮೇತ ಹೋಗಿ, ನೀವೇ ಹತ್ತು ತಟ್ಟೆ ಒತ್ತಿ ನೋಡಿ.

ನಿಮ್ಮ ದೊಡ್ಡ ಅಪಾಯ ಯಂತ್ರದ ಒಳಗಲ್ಲ, ನಿಮ್ಮ ತೊಡೆಯ ಮೇಲಿದೆ. ಬಿಸಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡರೆ ಚರ್ಮ ಸುಟ್ಟದ್ದು ಸಂಜೆ ಬಟ್ಟೆ ಬಿಚ್ಚಿದಾಗಲೇ ಗೊತ್ತಾಗುವುದು. ಬಲಗಡೆ ಕುರ್ಚಿಯ ಮಟ್ಟಕ್ಕೆ ಒಂದು ಸ್ಟೂಲು, ಅದರ ಮೇಲೆ ಬುಟ್ಟಿ: ತಟ್ಟೆ ನೇರ ಅಲ್ಲಿಗೇ ಬೀಳಲಿ. ಬಿಸಿ ಅಚ್ಚಿಗೂ ಮೊಣಕಾಲಿಗೂ ನಡುವೆ ತಗಡಿನ ಮರೆ ಕಟ್ಟಿಸಿ. ನೆನೆಸಿದ ಹಾಳೆಯಿಂದ ನೀರು ತೊಟ್ಟಿಕ್ಕಿ ಕೂರುವ ಮೆತ್ತೆ ಒದ್ದೆಯಾದರೆ ಚರ್ಮ ಮೆತ್ತಗಾಗಿ ಹುಣ್ಣು ಬೇಗ ಬೀಳುತ್ತದೆ. ಹಾಳೆ ತೊಳೆದು, ಬ್ರಷ್ ಹಾಕಿ ಉಜ್ಜಿ, ನೀರು ಬಸಿದು ತಂದುಕೊಡುವ ಕೆಲಸ ಇನ್ನೊಬ್ಬರದ್ದಾಗಲಿ. ಪ್ರತಿ ಹತ್ತು ಒತ್ತಿಗೊಮ್ಮೆ, ಅಂದರೆ ಹದಿನೈದು ನಿಮಿಷಕ್ಕೊಮ್ಮೆ, ಮುಂದಕ್ಕೋ ಪಕ್ಕಕ್ಕೋ ಬಾಗಿ ಪೃಷ್ಠದ ಭಾರ ಒಂದೆರಡು ನಿಮಿಷ ಇಳಿಸಿ. ಗಡಿಯಾರ ನೋಡುವುದು ಮರೆತುಹೋಗುತ್ತದೆ, ಹತ್ತರ ಲೆಕ್ಕ ಮರೆಯುವುದಿಲ್ಲ. ರಾತ್ರಿ ಕನ್ನಡಿ ಹಿಡಿದು ನೋಡಿ: ಕೂರುವ ಮೂಳೆಯ ಮೇಲೆ ಕೆಂಪು ಅರ್ಧ ಗಂಟೆಯಾದರೂ ಮಾಸದಿದ್ದರೆ ಅದು ಮಾಸುವವರೆಗೆ ಯಂತ್ರಕ್ಕೆ ರಜೆ. ಒಂದು ಆಳದ ಹುಣ್ಣು ತಿಂಗಳುಗಟ್ಟಲೆ ಮಲಗಿಸುತ್ತದೆ, ಆ ನಷ್ಟಕ್ಕೆ ಯಾವ ಲಾಭವೂ ಸಮವಲ್ಲ.

ಕರೆಂಟಿನ ಮಾತು. ಒದ್ದೆ ಹಾಳೆ, ಹೀಟರ್, ಕಬ್ಬಿಣದ ಕುರ್ಚಿ ಮೂರೂ ಒಂದೇ ಕಡೆ ಇವೆ. 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೆ ತಾನೇ ಕಡಿಯುವ ಸ್ವಿಚ್ಚು) ಮತ್ತು ಸರಿಯಾದ ಅರ್ಥಿಂಗ್ ಇಲ್ಲದೆ ಯಂತ್ರ ಮುಟ್ಟಲೇಬೇಡಿ. ವೋಲ್ಟೇಜು ಬಿದ್ದರೆ ಶಾಖ ಅದಕ್ಕಿಂತ ವೇಗವಾಗಿ ಬೀಳುತ್ತದೆ. 230 ಇರಬೇಕಾದದ್ದು 180ಕ್ಕೆ ಇಳಿದರೆ ಹೀಟರ್ ಕೊಡುವುದು ಸುಮಾರು ಶೇ 60ರಷ್ಟು ಶಾಖ ಮಾತ್ರ. ಆಗ ತಟ್ಟೆ ಅಚ್ಚಿನಿಂದ ಬಂದ ಮೇಲೆ ಮತ್ತೆ ಬಾಗಿಕೊಳ್ಳುತ್ತದೆ. ಶಾಖ ಹೆಚ್ಚಾದರೆ ಅಂಚು ಕಂದುತ್ತದೆ. ಬಾಗಿದ ತಟ್ಟೆಗೆ ಬಹುಪಾಲು ಕಾರಣ ಈ ವೋಲ್ಟೇಜು, ಇಲ್ಲವೆ ಹೆಚ್ಚು ನೆನೆದ ಹಾಳೆ. ಮೆಸ್ಕಾಂ ಕಚೇರಿಯಲ್ಲಿ ನಿಮ್ಮ ಲೈನು ಸಂಜೆ ಹೊತ್ತು ಎಷ್ಟು ತಾಳುತ್ತದೆಂದು ವಿಚಾರಿಸಿಯೇ ಎಷ್ಟು ಅಚ್ಚು ಎಂದು ತೀರ್ಮಾನಿಸಿ.

ಕೆಲಸದ ಕೋಣೆ ಜಗುಲಿಯ ಮೇಲಾದರೆ ಇಳಿಜಾರು ಬೇಕು: ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಎರಡಡಿ ಜಗುಲಿಗೆ 24 ಅಡಿ. ಸಿಮೆಂಟ್ ಹಸಿಯಿದ್ದಾಗಲೇ ಪೊರಕೆ ಎಳೆದು ಗೀರು ಹಾಕಿಸಿ, ನುಣುಪು ಮಾಡಿದರೆ ಆಷಾಢದಲ್ಲಿ ಪಾಚಿ ಕಟ್ಟಿ ಜಾರುತ್ತದೆ.

ತಟ್ಟೆಯನ್ನು ತಾವೇ ಕೊಳ್ಳುತ್ತೇವೆ ಎಂಬ ಮಾತನ್ನು ನಂಬಿ ಸಾಲ ಮಾಡಬೇಡಿ. ಯಂತ್ರ ಮಾರಿದ ಮೇಲೆ ತಟ್ಟೆಯಲ್ಲಿ ಕುಂದು ಹುಡುಕುವುದು ಸುಲಭ. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಅಡಿಕೆ ಹಾಳೆಯ ತಟ್ಟೆ ಊಟಕ್ಕೆ ಬಳಸಲು ಸುರಕ್ಷಿತವೆಂದು ಸ್ಥಾಪಿತವಾಗಿಲ್ಲ ಎಂದು ಹೇಳಿದ್ದರಿಂದ ಆ ದೇಶದ ರಫ್ತಿಗೂ ಪೆಟ್ಟು ಬಿದ್ದಿದೆ. ಅಡುಗೆ ಭಟ್ಟರು, ಕಲ್ಯಾಣ ಮಂಟಪ, ದೇವಸ್ಥಾನದ ಅನ್ನಸಂತರ್ಪಣೆ, ಇವರಲ್ಲಿ ಮೂವರಾದರೂ ಮಾದರಿ ತಟ್ಟೆ ನೋಡಿ ‘ಇಷ್ಟು ಬೇಕು’ ಎಂದ ಮೇಲೆ ಮುಂದುವರಿಯಿರಿ. ಮಾದರಿಯನ್ನು ಬೇರೆ ಘಟಕದಲ್ಲಿ ಕೂಲಿಗೆ ಒತ್ತಿಸಿಕೊಳ್ಳಬಹುದು.

ದುಡ್ಡಿಗೆ: ಅಂಗವಿಕಲತೆ ಶೇ 40 ಅಥವಾ ಹೆಚ್ಚು ಎಂಬ ಪ್ರಮಾಣಪತ್ರ ಮತ್ತು ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡು ಮೊದಲು ಮಾಡಿಸಿ. ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅರ್ಜಿ ಹಾಕಿಸುತ್ತಾರೆ. ಹೊಸ ಉದ್ಯಮಕ್ಕೆ ಸಾಲ, ಸಹಾಯಧನ ಕೊಡುವ ಕೇಂದ್ರದ ಪಿಎಂಇಜಿಪಿ ಯೋಜನೆಯಲ್ಲಿ ಅಂಗವಿಕಲರ ಸ್ವಂತ ಪಾಲು ಶೇ 5, ಹಳ್ಳಿಯ ಘಟಕಕ್ಕೆ ಸಹಾಯಧನ ಶೇ 35. ಆದರೆ ಅದು ಹೊಸ ಘಟಕಕ್ಕೆ ಮಾತ್ರ, ಸಹಾಯಧನ ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿರುತ್ತದೆ. ಸಾಲ ಮಂಜೂರಾಗುವ ಮುನ್ನ ಯಂತ್ರ ತಂದು ಕೆಲಸ ಶುರು ಮಾಡಿದವರು ‘ಹಳೆಯ ಘಟಕ’ವಾಗಿ ಬಾಗಿಲಲ್ಲೇ ನಿಲ್ಲುತ್ತಾರೆ. ಅರ್ಜಿಗೆ ಮುನ್ನ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಈಗಿನ ನಿಯಮ ಕೇಳಿಕೊಳ್ಳಿ.

ನೀವು ಕೇಳದ ಇನ್ನೊಂದು ಮಾತು. ಯಾವ ತೋಟ ಯಾವಾಗ ಹಣ್ಣಾಗುತ್ತದೆ, ಯಾರ ಮರ ಎಷ್ಟು ಎತ್ತರ, ಯಾವ ಹುಡುಗ ನಂಬಿಕಸ್ಥ, ಇದೆಲ್ಲ ನಿಮ್ಮ ತಲೆಯಲ್ಲಿದೆ. ಕಾರ್ಬನ್ ಫೈಬರ್ ದೋಟಿ (ನೆಲದಲ್ಲಿ ನಿಂತೇ ಕೊಯ್ಯುವ ಉದ್ದ ಕೋಲು) ಬಂದ ಮೇಲೆ ಕೊನೆ ತೆಗೆಯಲು ಮರ ಹತ್ತಲೇಬೇಕೆಂದಿಲ್ಲ. ಎರಡು ದೋಟಿ, ನಾಲ್ಕು ಹುಡುಗರು, ಒಂದು ಫೋನು, ಒಂದು ಡೈರಿ ಇಟ್ಟುಕೊಂಡು ಕೊಯ್ಲಿನ ಗುತ್ತಿಗೆ ಹಿಡಿದರೆ ಬಂಡವಾಳವೂ ಕಡಿಮೆ, ತೊಡೆ ಸುಡುವ ಭಯವೂ ಇಲ್ಲ. ನಮ್ಮನ್ನು ಕೇಳಿದರೆ ತಟ್ಟೆಗಿಂತ ಇದೇ ವಾಸಿ. ಒಂದೇ ಎಚ್ಚರ, ಉದ್ದ ದೋಟಿ ವಿದ್ಯುತ್ ತಂತಿಗೆ ತಾಗಿದರೆ ಸಾವು. ಕಾರ್ಬನ್ ಫೈಬರ್ ವಿದ್ಯುತ್ ಹರಿಸುತ್ತದೆ. ತಂತಿ ಹಾದ ತೋಟದ ಮರಗಳನ್ನು ಮೊದಲೇ ಗುರುತಿಸಿ ಬಿಟ್ಟುಬಿಡಿ.

ಪ್ರಶ್ನೆ: ಕ್ಷಯ ವಾಸಿಯಾಗಿ ಒಂದು ವರ್ಷವಾಯಿತು. ಒಂದು ಶ್ವಾಸಕೋಶ ಕುಗ್ಗಿದೆ, ಏರು ಹತ್ತಿದರೆ ಏದುಸಿರು. ಕೂತಲ್ಲೇ ಮಾಡುವ ಕೆಲಸವೆಂದು ಅಣಬೆ ಬೇಸಾಯ ಹೇಳುತ್ತಾರೆ.
— ಕೊಪ್ಪ

ಉತ್ತರ: ಬೇಡ. ಚಿಪ್ಪು ಅಣಬೆ ಬಲಿತಾಗ ಬಿಳಿ ಹುಡಿಯಂತೆ ಬೀಜಕಣ ಉದುರಿಸುತ್ತದೆ. ಮುಚ್ಚಿದ ಕೋಣೆಯಲ್ಲಿ ಅದನ್ನು ದಿನವೂ ಉಸಿರಾಡಿದರೆ ಆರೋಗ್ಯವಂತರಿಗೂ ಶ್ವಾಸಕೋಶದ ಅಲರ್ಜಿ ಬರುವುದುಂಟು: ಕೆಲಸ ಮುಗಿದ ಕೆಲವು ತಾಸಿಗೆ ಕೆಮ್ಮು, ಚಳಿಜ್ವರ, ಎದೆ ಬಿಗಿತ. ನಿಮ್ಮ ಶ್ವಾಸಕೋಶದಲ್ಲಿ ಕಳೆದುಕೊಳ್ಳಲು ಹೆಚ್ಚೇನೂ ಉಳಿದಿಲ್ಲ. ಒಣ ಅಡಿಕೆ ಸುಲಿಯುವ, ಮೆಣಸು ತೂರುವ ದೂಳೂ ಇದೇ ಸಾಲಿನದ್ದು.

ಕಾಳುಮೆಣಸಿನ ಸಸಿ ಮಾಡಿ. ಫೆಬ್ರುವರಿ, ಮಾರ್ಚ್‌ನಲ್ಲಿ ಬುಡದ ಹಬ್ಬುಬಳ್ಳಿಯಿಂದ ಎರಡು ಮೂರು ಗಿಣ್ಣಿನ ತುಂಡು ಕತ್ತರಿಸಿ ಚೀಲಕ್ಕೆ ನೆಟ್ಟರೆ ಮಳೆ ಹಿಡಿಯುವ ಹೊತ್ತಿಗೆ ಮಾರಾಟಕ್ಕೆ ಬರುತ್ತದೆ. ಚೀಲಗಳನ್ನು ನೆಲದ ಮೇಲಿಡದೆ ಸೊಂಟದೆತ್ತರದ ಅಡಿಕೆ ದಬ್ಬೆಯ ಅಟ್ಟಣೆಯ ಮೇಲಿಡಿ, ಬಗ್ಗಿ ಏಳುವುದೇ ಉಸಿರು ಕಟ್ಟಿಸುವುದು. ಮಣ್ಣು ಜರಡಿ ಹಿಡಿಯುವ ದಿನ ನೀವು ಅಲ್ಲಿರಬೇಡಿ, ಒದ್ದೆ ಮಾಡಿದ ಮೇಲೆ ಬನ್ನಿ. ಸೊರಗು ರೋಗ ಇದ್ದ ತೋಟದ ಬಳ್ಳಿ ತಂದರೆ ಇಡೀ ಅಟ್ಟಣೆ ಕೊಳೆಯುತ್ತದೆ, ಚೀಲದ ತೂತು ಕಟ್ಟಿ ನೀರು ನಿಂತರೂ ಅಷ್ಟೇ.

ಪ್ರಶ್ನೆ: ನನಗೆ 52. ಹತ್ತು ತಿಂಗಳ ಹಿಂದೆ ಲಕ್ವ ಹೊಡೆದು ಬಲಗೈ ಬಲ ಕಡಿಮೆಯಾಗಿದೆ. ನಡೆದಾಡುತ್ತೇನೆ. ಅಪ್ಪೆಮಿಡಿ (ಪರಿಮಳದ ಎಳೆ ಮಾವಿನಕಾಯಿ) ಉಪ್ಪಿನಕಾಯಿ ನನ್ನ ಕೈಗೆ ಒಲಿದದ್ದು, ನೆಂಟರೆಲ್ಲ ಕೇಳಿ ಒಯ್ಯುತ್ತಿದ್ದರು. ಮಾರಾಟಕ್ಕೆ ಮಾಡಲೇ? ಮನೆಯವರಿಗೆ ಹೆದರಿಕೆ.
— ಸಾಗರ

ಉತ್ತರ: ಮಾಡಿ ಅಕ್ಕ. ಮನೆಯವರ ಹೆದರಿಕೆಯೂ ಸುಳ್ಳಲ್ಲ. ಮಿಡಿಯ ಕೆಲಸ ವರ್ಷವಿಡೀ ಹಂಚಿಕೊಂಡು ಬರುವುದಿಲ್ಲ. ಮರ ಮಿಡಿ ಬಿಟ್ಟ ಕೆಲವೇ ವಾರದಲ್ಲಿ ಎಲ್ಲವನ್ನೂ ಉಪ್ಪಿಗೆ ಹಾಕಬೇಕು. ಕೊಯ್ದ ದಿನವೇ ತೊಳೆದು, ಒರೆಸಿ, ಭರಣಿಗೆ ಸೇರಿಸುವ ಅವಸರ. ಲಕ್ವ ಆದವರಿಗೆ ಕೈಯ ಬಲಕ್ಕಿಂತ ದಣಿವೇ ದೊಡ್ಡ ಅಡ್ಡಿ, ಹೊರಗೆ ಕಾಣದ ದಣಿವು ಅದು. ಹಾಗಾಗಿ ಮೊದಲ ವರ್ಷ ಹಸಿಮಿಡಿ ತರಬೇಡಿ. ಉಪ್ಪಿಗೆ ಹಾಕಿದ ಮಿಡಿಯನ್ನೇ ನಂಬಿಕೆಯ ಮನೆಯಿಂದ ಕೊಂಡು ತಿಂಗಳಿಗೆ ಹತ್ತು ಕಿಲೋದಂತೆ ಮಸಾಲೆ ಬೆರೆಸಿ. ಉಪ್ಪುಮಿಡಿಯ ಪರೀಕ್ಷೆ ನಿಮಗೇ ಗೊತ್ತು: ತೊಟ್ಟು ಇರಬೇಕು, ಹಿಚುಕಿದರೆ ಗಟ್ಟಿ ಇರಬೇಕು, ಮುರಿದರೆ ಸೊನೆಯ ಪರಿಮಳ ಬರಬೇಕು. ನೆಲಕ್ಕೆ ಉದುರಿದ ಮಿಡಿ ಸೇರಿದ್ದರೆ ಭರಣಿಯಲ್ಲಿ ಮೆತ್ತಗಾದವು ಅಲ್ಲಲ್ಲಿ ಸಿಗುತ್ತವೆ, ಅಂಥದ್ದನ್ನು ತಿರುಗಿಸಿ ಕಳಿಸಿ.

ನೀವೇ ಉಪ್ಪಿಗೆ ಹಾಕುವ ವರ್ಷಕ್ಕೆ: ನಾಲ್ಕು ಕಿಲೋ ಮಿಡಿಗೆ ಸುಮಾರು ಒಂದು ಕಿಲೋ ಕಲ್ಲುಪ್ಪು, ಪದರ ಪದರ. ಮಿಡಿ ಉಪ್ಪುನೀರಿನ ಮೇಲೆ ತೇಲಿದರೆ ಬಿಳಿ ಪೊರೆ ಕಟ್ಟುತ್ತದೆ, ಮೇಲೊಂದು ಭಾರ ಬೇಕು. ಎಂಟು ಹತ್ತು ದಿನಕ್ಕೆ ಮಿಡಿ ಸುಕ್ಕುಗಟ್ಟಿದ ಮೇಲೆ ಆ ನೀರು ಬಸಿದು, ಕುದಿಸಿ, ಪೂರಾ ತಣಿಸಿ ಮಸಾಲೆಗೆ ಬಳಸಬೇಕು. ಉಗುರುಬೆಚ್ಚಗಿದ್ದಾಗಲೇ ಸುರಿದರೆ ಮಿಡಿಯ ಕಟುಕಟು ಹೋಗುತ್ತದೆ. ಮನೆಯಲ್ಲಿ ಕಣ್ಣಳತೆಗೆ ಹಾಕುತ್ತಿದ್ದ ಸಾಸಿವೆ, ಮೆಣಸಿನಪುಡಿಯನ್ನು ಇನ್ನು ತಕ್ಕಡಿಗೆ ಹಾಕಿ ಬರೆದಿಡಿ. ನಿಮಗೆ ಹುಷಾರಿಲ್ಲದ ದಿನ ಸೊಸೆಯೋ ಮಗಳೋ ಮಾಡಿದರೂ ರುಚಿ ಅದೇ ಬರಬೇಕಲ್ಲ. ರಕ್ತದೊತ್ತಡ ಇರುವವರು ಹದ ನೋಡುತ್ತೇನೆಂದು ದಿನವಿಡೀ ಉಪ್ಪು ನೆಕ್ಕುವುದೂ ಬೇಡ, ಆ ಕೆಲಸ ಬೇರೆ ನಾಲಿಗೆಗೆ ಬಿಡಿ.

ಒಂದು ಕೈಯ ಕೆಲಸಕ್ಕೆ: ಐದು ಕಿಲೋಗಿಂತ ದೊಡ್ಡ ಭರಣಿ ಬೇಡ. ಕೆಳಗೆ ರಬ್ಬರ್ ಮ್ಯಾಟು ಅಥವಾ ಒದ್ದೆ ಬಟ್ಟೆ ಹಾಸಿದರೆ ಪಾತ್ರೆ ಜಾರದು. ಬಲಗೈಯನ್ನು ಮಡಿಲಲ್ಲಿ ಬಿಡದೆ ಬಾಟಲಿ ಆನಿಸಿ ಹಿಡಿಯಲು ಬಳಸಿ, ಅದೇ ವ್ಯಾಯಾಮ. ಆ ಕೈಗೆ ಸ್ಪರ್ಶ ಕಡಿಮೆಯಿದ್ದರೆ ಕೈಗವಸು ಕಡ್ಡಾಯ, ಗಾಯ ಗೊತ್ತಾಗದೆ ಉಪ್ಪುಖಾರ ಸೇರುತ್ತದೆ. ಮುಚ್ಚಳ ತಿರುಗಿಸುವುದು ಕಷ್ಟವಾದರೆ ದಪ್ಪ ಪೌಚು ತಂದು, ಕಾಲಿನಿಂದ ಒತ್ತುವ ಸೀಲಿಂಗ್ ಯಂತ್ರ ಎಡಗಾಲಿನ ಕಡೆ ಇಟ್ಟುಕೊಳ್ಳಿ. ಮುಕ್ಕಾಲು ಗಂಟೆ ಕೆಲಸ, ಕಾಲು ಗಂಟೆ ವಿರಾಮ.

ಮಾರುವ ಮುನ್ನ ಆಹಾರ ಸುರಕ್ಷತಾ ಪ್ರಾಧಿಕಾರದ ಎಫ್‌ಎಸ್‌ಎಸ್‌ಎಐ ಮೂಲ ನೋಂದಣಿ ಬೇಕು. 14 ಅಂಕಿಯ ಆ ಸಂಖ್ಯೆ, ಸಸ್ಯಾಹಾರದ ಹಸಿರು ಗುರುತು, ಪದಾರ್ಥಗಳ ಪಟ್ಟಿ, ನಿವ್ವಳ ತೂಕ, ತಯಾರಾದ ದಿನ, ಎಷ್ಟು ದಿನ ಬಾಳುತ್ತದೆ, ಬೆಲೆ, ವಿಳಾಸ ಲೇಬಲ್ಲಿನಲ್ಲಿರಲಿ. ಸಣ್ಣ ಉದ್ಯಮಗಳಿಗಿರುವ ಉದ್ಯಮ್ ನೋಂದಣಿ ಉಚಿತ, ದುಡ್ಡು ಕೇಳುವ ಜಾಲತಾಣ ಸರ್ಕಾರದ್ದಲ್ಲ. ‘ಅನಂತಭಟ್ಟನ ಅಪ್ಪೆ’ ಎಂದು ತಳಿಯ ಹೆಸರು ಬರೆಯುವುದಾದರೆ ಒಳಗಿರುವುದೂ ಅದೇ ಆಗಿರಲಿ, ತಿಳಿದವರು ಮೂಗಿನಲ್ಲೇ ಹಿಡಿಯುತ್ತಾರೆ.

ಕೆಲಸದ ನಡುವೆ ಮುಖ ಓರೆಯಾದರೆ, ಮಾತು ತೊದಲಿದರೆ, ಕೈ ಇದ್ದಕ್ಕಿದ್ದಂತೆ ಸೋತರೆ ಮಲಗಿ ನೋಡೋಣ ಎನ್ನಬೇಡಿ. ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಇರುವುದು ನಾಲ್ಕೂವರೆ ತಾಸು, ನಿಮ್ಮಿಂದ ಶಿವಮೊಗ್ಗಕ್ಕೇ ಎಪ್ಪತ್ತು ಕಿಲೋಮೀಟರ್.

ಪ್ರಶ್ನೆ: ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟಾಗಿತ್ತು. ಆಮೇಲೆ ಎರಡು ಸಲ ಫಿಟ್ಸ್ ಬಂದಿದೆ, ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಸರಕು ಆಟೊ ಅಥವಾ ಬಾಳೆಕಾಯಿ ಚಿಪ್ಸ್, ಯಾವುದು ಒಳ್ಳೆಯದು?
— ಸೊರಬ

ಉತ್ತರ: ಎರಡೂ ಅಲ್ಲ. ಆಟೊ ಓಡಿಸುವಾಗ ಫಿಟ್ಸ್ ಬಂದರೆ ಎದುರಿನವರಿಗೂ ಸಾವು, ಕಾದ ಎಣ್ಣೆಯ ಬಾಣಲೆಯ ಮುಂದೆ ಬಂದರೆ ನಿಮಗೆ. ಬಾವಿಕಟ್ಟೆ, ಏಣಿ, ತಿರುಗುವ ಯಂತ್ರವೂ ಇದೇ ಪಟ್ಟಿಯಲ್ಲಿವೆ. ಚಿಪ್ಸೇ ಆಗಬೇಕೆಂದಿದ್ದರೆ ಕರಿಯುವುದು ಮನೆಯ ಇನ್ನೊಬ್ಬರದ್ದು, ತೂಕ, ಪ್ಯಾಕಿಂಗ್, ಅಂಗಡಿಗಳ ಆರ್ಡರ್ ನಿಮ್ಮದು. ತಲೆಗೆ ಪೆಟ್ಟಾದವರಿಗೆ ಮರೆವು ಸಾಮಾನ್ಯ, ಸಾಲ ಕೊಟ್ಟದ್ದನ್ನು ಆ ಕ್ಷಣವೇ ಬರೆಯಿರಿ. ರಾತ್ರಿ ನಿದ್ದೆ ಕೆಟ್ಟರೆ, ಮಾತ್ರೆ ತಪ್ಪಿದರೆ ಫಿಟ್ಸ್ ಮರಳಬಹುದು. ಬೆಳಗಿನ ಮೂರು ಗಂಟೆಗೆ ಏಳುವ ವ್ಯಾಪಾರ ಯಾವುದೂ ಬೇಡ.

ಪ್ರಶ್ನೆ: ಅಪ್ಪನಿಗೆ ಬೈಪಾಸ್ ಆಗಿ ಎರಡು ತಿಂಗಳು. ರಸ್ತೆ ಬದಿ ಕಿರಾಣಿ ಅಂಗಡಿ ಇಡಲು ಮುದ್ರಾ ಸಾಲ ಕೇಳಿದ್ದೇವೆ. ಸಾಲದ ಜೊತೆಗಿನ ವಿಮೆ ಫಾರಂನಲ್ಲಿ ಹೃದಯದ ವಿಷಯ ಬರೆಯಬೇಡಿ ಎಂದು ಏಜೆಂಟರೊಬ್ಬರು ಹೇಳಿದರು.
— ತೀರ್ಥಹಳ್ಳಿ

ಉತ್ತರ: ಬರೆಯಲೇಬೇಕು. ಮುಚ್ಚಿಟ್ಟು ಸಹಿ ಹಾಕಿದರೆ ಕಂತು ಕಟ್ಟುವುದು ನೀವು, ನಾಳೆ ಹೆಚ್ಚುಕಡಿಮೆಯಾದರೆ ಆಸ್ಪತ್ರೆಯ ಬಿಡುಗಡೆ ಪತ್ರ ತೋರಿಸಿ ಪರಿಹಾರ ನಿರಾಕರಿಸುವುದು ಕಂಪನಿ. ಆಗ ಸಾಲ ಮನೆಯವರ ತಲೆಗೆ. ನಿಜ ಬರೆದ ಮೇಲೆ ವಿಮೆ ಕೊಡದಿದ್ದರೆ ವಿಮೆ ಬೇಡವೆಂದು ಬರೆದುಕೊಡಿ, ಸಾಲಗಾರನ ಜೀವವಿಮೆ ಸಾಲಕ್ಕೆ ಕಡ್ಡಾಯವಲ್ಲ. ಸಾಧ್ಯವಿದ್ದರೆ ಸಾಲವೂ ಅಂಗಡಿಯೂ ನಿಮ್ಮ ಹೆಸರಿನಲ್ಲಿರಲಿ. ಮುದ್ರಾದಲ್ಲಿ ಶಿಶು 50,000ದವರೆಗೆ, ಕಿಶೋರ 5 ಲಕ್ಷದವರೆಗೆ, ಅಡಮಾನ ಬೇಡ. ಸಹಾಯಧನ ಮಾತ್ರ ಇಲ್ಲ. ಇದೆ ಎಂದು ಹೇಳಿ ಕಮಿಷನ್ ಕೇಳುವವರಿದ್ದಾರೆ. ಮೊದಲ ಸಲಕ್ಕೆ ಶಿಶುವೇ ಸಾಕು. ಔಷಧಿ ಖರ್ಚಿಗೆಂದು ಆರು ತಿಂಗಳಿಗಾಗುವ ದುಡ್ಡು ಬೇರೆ ತೆಗೆದಿಡಿ, ಅದು ಅಂಗಡಿ ಬಂಡವಾಳವಲ್ಲ.

ಸೀಳಿದ ಎದೆಮೂಳೆ ಕೂಡಲು ಎಂಟರಿಂದ ಹನ್ನೆರಡು ವಾರ ಬೇಕು. ನಿಮ್ಮ ಅಪ್ಪ ಇನ್ನೂ ಆ ಅವಧಿಯೊಳಗೇ ಇದ್ದಾರೆ. ಅಕ್ಕಿ ಮೂಟೆ ಎತ್ತಬಾರದೆಂದು ಎಲ್ಲರಿಗೂ ಗೊತ್ತು, ಮರೆಯುವುದು ಶಟರ್. ಬೆಳಿಗ್ಗೆ ಚಳಿಗೆ ಬಿಗಿದುಕೊಂಡ ತುಕ್ಕು ಶಟರನ್ನು ಬಗ್ಗಿ ಎರಡೂ ಕೈಯಿಂದ ಮೇಲಕ್ಕೆಳೆಯುವುದು ಎದೆಮೂಳೆಗೆ ಅತಿ ಕೆಟ್ಟ ಎಳೆತ. ಶಸ್ತ್ರವೈದ್ಯರು ಸರಿ ಎನ್ನುವವರೆಗೆ ಅದನ್ನು ನೀವೇ ಎತ್ತಿ, ನೀವೇ ಇಳಿಸಿ. ಆಮೇಲೂ ಮರದ ಹಲಗೆ ಬಾಗಿಲೋ ಪಕ್ಕದ ಸರಪಳಿ ಎಳೆದು ಏರಿಸುವ ಶಟರೋ ಆದರೆ ಒಳ್ಳೆಯದು. 25 ಕಿಲೋ ಚೀಲವನ್ನು ತಂದವರೇ ಡಬ್ಬಕ್ಕೆ ಸುರಿದು ಹೋಗಲಿ. ದಿನವೂ ಮಾರುವ ಸಾಮಾನು ಮೊಣಕಾಲಿಗೂ ಎದೆಗೂ ನಡುವಿನ ಹಲಗೆಗಳಲ್ಲಿರಲಿ. ಮೇಲಿನ ಹಲಗೆಗೆ ಬಿಸ್ಕೆಟ್, ಕೆಳಗಿನದಕ್ಕೆ ತಿಂಗಳಿಗೊಮ್ಮೆ ಹೋಗುವಂಥದ್ದು. ಗಲ್ಲಾದ ಪಕ್ಕ ಬೆನ್ನಾನಿಸುವ ಕುರ್ಚಿ ಇರಲಿ, ಸ್ಟೂಲು ಬೇಡ. ಮಧ್ಯಾಹ್ನ ಒಂದರಿಂದ ಮೂರು ಬಾಗಿಲು ಹಾಕುತ್ತೇವೆಂದು ಮೊದಲ ದಿನವೇ ಬೋರ್ಡಿನಲ್ಲಿ ಬರೆಸಿಬಿಡಿ, ಗಿರಾಕಿಗಳು ಒಂದು ವಾರದಲ್ಲಿ ಹೊಂದಿಕೊಳ್ಳುತ್ತಾರೆ.